ಎಷ್ಟಕ್ಕೆ ಇಳಿಸ್ಬೇಕು?

ಮೊನ್ನೆ ಡೊಂಬಿವಲಿ ಸ್ಟೇಷನ್ ಹತ್ರ ಆಧಾರ್ ಜೆರಾಕ್ಸ್ ಮಾಡಿಸೋಕೆ ಹೋಗಿದ್ದೆ, ಪೆನ್ಷನ್‌ಗೆ ಲೈಫ್ ಸರ್ಟಿಫಿಕೇಟ್ ಕೊಡೋ ತಿಂಗಳಲ್ವಾ. ಅಂಗಡಿಯವ್ನು ಕುಂದಾಪುರದ ಕಡೆಯ ಹುಡುಗ, ಬಲು ಚುರುಕು. ನನಗಿಂತ ಮುಂದೆ ನಿಂತಿದ್ದ ಹುಡುಗೀನೂ ನಮ್ಮವಳೇ.

"ಎಷ್ಟಿದೆ ಮೇಡಂ?"
"ಮೂವತ್ತೆಂಟು."
"ಎಷ್ಟಕ್ಕೆ ಇಳಿಸ್ಬೇಕು?"
"ಹತ್ತರೊಳಗೆ ಬಂದ್ರೆ ಸಾಕು."

ನಾನು ಬೈಂಡಿಂಗ್ ರೇಟಿಗೆ ಚೌಕಾಶಿ ಅಂದ್ಕೊಂಡೆ. ನೋಡಿದ್ರೆ ಪಿಎಚ್‌ಡಿ ಥೀಸಿಸ್ಸು! ಕಾಪಿ ಹೊಡೆದದ್ದು ಶೇಕಡಾ 38. ಯುಜಿಸಿಯ 2018ರ ನಿಯಮದಲ್ಲಿ 10ರವರೆಗೆ ಶಿಕ್ಷೆ ಇಲ್ಲ, 40ರವರೆಗೆ ತಿದ್ದಿ ಮತ್ತೆ ಕೊಡ್ಬೇಕು, 60 ದಾಟಿದ್ರೆ ರಿಜಿಸ್ಟ್ರೇಷನ್ನೇ ರದ್ದು. ಕಳ್ಳತನ ತಡೆಯೋಕೆ ಮಾಡಿದ ಲೆಕ್ಕ, ಈಗ ಅಂಗಡಿಯ ರೇಟ್ ಕಾರ್ಡು.

ಹುಡುಗ ಯಾವುದೋ ಸಾಫ್ಟ್‌ವೇರಿಗೆ ಪುಟ ಹಾಕಿದ, ಶಬ್ದಗಳೆಲ್ಲ ಬದಲಾಗಿ ಬಂದ್ವು. ಗ್ರೀನ್ ರೆವಲ್ಯೂಷನ್ ಅಂತಿದ್ದದ್ದು ಎಮರಾಲ್ಡ್ ಅಪ್‌ರೈಸಿಂಗ್ ಆಗಿಹೋಯ್ತು! ಹಸಿರು ಕ್ರಾಂತಿ ಹೋಗಿ ಪಚ್ಚೆ ದಂಗೆ. ನಗು ತಡೀಲಿಕ್ಕಾಗದೆ ಕೆಮ್ಮಿದ ಹಾಗೆ ಮಾಡ್ದೆ. ಆ ಹುಡುಗಿ ನಗಲಿಲ್ಲ, ಸ್ಕ್ರೀನಲ್ಲಿ ಪರ್ಸೆಂಟ್ ಮಾತ್ರ ನೋಡ್ತಿದ್ಲು.

ಅವಳ ಮೇಲೆ ಸಿಟ್ಟು ಬರ್ಬೇಕಿತ್ತು, ಬರಲಿಲ್ಲ. ಸಿಎಚ್‌ಬಿ ಲೆಕ್ಚರರ್ ಅಂತೆ, ಅಂದ್ರೆ ಪೀರಿಯಡ್ ಲೆಕ್ಕದಲ್ಲಿ ಕೂಲಿ, ರಜಾ ಬಂದ್ರೆ ಸಂಬಳಾನೂ ರಜಾ. ಬೆಳಿಗ್ಗೆ ಕಲ್ಯಾಣ, ಮಧ್ಯಾಹ್ನ ಥಾಣೆ, ಲೋಕಲ್ಲಲ್ಲಿ ನೇತಾಡ್ಕೊಂಡು ಓಡಾಡೋಳು ಯಾವಾಗ ಲೈಬ್ರರಿಗೆ ಹೋಗ್ತಾಳೆ? ಸಿಟ್ಟು ಬಂದದ್ದು ಅವಳ ಗೈಡ್ ಮೇಲೆ. ಇದು ಸ್ವಂತ ಸಂಶೋಧನೆ ಅಂತ ಸೈನ್ ಹಾಕಿದ ಸರ್ಟಿಫಿಕೇಟ್ ಆಗ್ಲೇ ಪ್ಲಾಸ್ಟಿಕ್ ಫೋಲ್ಡರಲ್ಲಿತ್ತು, ಥೀಸಿಸ್ ಇನ್ನೂ ಇಳೀತಾ ಇತ್ತು. ಆ ಮಹಾಶಯ ಒಂದು ಪುಟ ಓದಿದ್ರೂ ಪಚ್ಚೆ ದಂಗೆ ಕಣ್ಣಿಗೆ ಬೀಳಲ್ವಾ? ಓದಲ್ಲ ಅಂತ ಅವಳಿಗೂ ಗೊತ್ತು.

ಮನೆಗೆ ಬಂದು ಹೆಂಡತಿ ಹತ್ರ ಅರ್ಧ ಗಂಟೆ ಬೈದೆ. ಅವಳು ಮೆಂತ್ಯ ಸೊಪ್ಪು ಬಿಡಿಸ್ತಾ, "ನೀವು ಇಂಟರ್ನಲ್ ಮಾರ್ಕ್ಸ್ ಬರೀತಿದ್ರಲ್ಲ, ಅದನ್ನೂ ಹೇಳಿ" ಅಂದ್ಲು.

ಹೌದು. ಒಂದ್ಸಲ ಟ್ರಸ್ಟಿ ಕಡೆಯ ಹುಡುಗ, ವರ್ಷವಿಡೀ ಅವನ ಮುಖಾನೇ ನೋಡಿರ್ಲಿಲ್ಲ, ಪ್ರಿನ್ಸಿಪಾಲರು ಫೋನ್ ಮಾಡಿದ್ರು. ನಾನು ತಕರಾರು ಮಾಡ್ಲಿಲ್ಲ. ಪೆನ್ ಹಿಡ್ಕೊಂಡು ಕೇಳಿದ್ದು ಇಷ್ಟೇ: "ಎಷ್ಟಕ್ಕೆ ಏರಿಸ್ಲಿ ಸಾರ್?"