ನಮ್ಮ ಡೇರಿಯಲ್ಲಿ ಖಾಲಿಯೇ ಉಳಿದ ಒಂದು ಹುದ್ದೆ

ಕಂಪ್ಯೂಟರ್ ಬಂದರೆ ಮನುಷ್ಯರ ಕೆಲಸ ಹೋಗುತ್ತದೆಯೇ ಎಂದು ವಾದಿಸುವವರೆಲ್ಲ ದೊಡ್ಡ ದೊಡ್ಡ ಕಂಪನಿಗಳ ಉದಾಹರಣೆ ಕೊಡುತ್ತಾರೆ. ನನಗೆ ಗೊತ್ತಿರುವುದು ಒಂದು ಹಾಲಿನ ಡೇರಿ. ಕೋಲಾರ ಜಿಲ್ಲೆಯಲ್ಲಿ, ಮುಳಬಾಗಿಲು ಕಡೆಯ ಹಳ್ಳಿಯೊಂದರ ಹಾಲು ಉತ್ಪಾದಕರ ಸಹಕಾರ ಸಂಘಕ್ಕೆ ನಾನು ಕಾರ್ಯದರ್ಶಿ. ವರ್ಷವಿಡೀ ಹರಿಯುವ ಹೊಳೆಯಿಲ್ಲದ ಈ ಸೀಮೆಯಲ್ಲಿ ಕೊಳವೆಬಾವಿ, ರೇಷ್ಮೆ, ಸೀಮೆಹಸು ನಂಬಿಯೇ ಮನೆ ನಡೆಯಬೇಕು. ಎರಡು ಹೊತ್ತೂ ಊರಿನ ಅರ್ಧ ಜನ ನಮ್ಮ ಬಾಗಿಲಲ್ಲಿರುತ್ತಾರೆ. ಊರಿನ ಅರ್ಧ ಜಗಳವೂ ಅಲ್ಲೇ, ಹೆಚ್ಚಿನದು ತೆಲುಗಿನಲ್ಲಿ.

ಮೊದಲು ನಾವು ಮೂವರಿದ್ದೆವು: ನಾನು, ಹಾಲು ಪರೀಕ್ಷಕರು, ಅಳತೆಯ ಸಹಾಯಕ. ಕಷ್ಟದ ಕೆಲಸವೆಂದರೆ ಪರೀಕ್ಷಕರದ್ದೇ. ಕೊಬ್ಬು ಎಷ್ಟಿದೆ ಎಂದು ನೋಡಲು ಬ್ಯುಟಿರೋಮೀಟರ್ ಎಂಬ ಗಾಜಿನ ನಳಿಕೆಗೆ 10 ಮಿಲಿ ಗಂಧಕಾಮ್ಲ, 10.75 ಮಿಲಿ ಹಾಲು, 1 ಮಿಲಿ ಅಮೈಲ್ ಆಲ್ಕೋಹಾಲ್ ಹಾಕಿ, ಬಿರಡೆ ಒತ್ತಿ, ಕುಲುಕಿ, ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಬೇಕು. ಆಮ್ಲ ಬೆರೆತ ಕೂಡಲೇ ನಳಿಕೆ ಕೈ ಸುಡುತ್ತದೆ. ಬಟ್ಟೆ ಸುತ್ತಿ ಹಿಡಿಯುತ್ತಿದ್ದರು. ಅವರ ಅಂಗಿಗಳಲ್ಲಿ ತೂತಿಲ್ಲದ್ದು ಒಂದೂ ಇರಲಿಲ್ಲ. ಸ್ವಿಟ್ಜರ್ಲೆಂಡಿನ ಗರ್ಬರ್ 1891ರಲ್ಲಿ ರೂಪಿಸಿದ ಈ ವಿಧಾನ ನೂರು ವರ್ಷ ದಾಟಿದ ಮೇಲೂ ನಮ್ಮ ಹಳ್ಳಿಗಳ ಹಾಲಿನ ಬೆಲೆ ಕಟ್ಟುತ್ತಿತ್ತು. ಜೊತೆಗೆ ಹಾಲಿನ ಸಾಂದ್ರತೆ ಅಳೆಯುವ ಲ್ಯಾಕ್ಟೋಮೀಟರಿನ ಡಿಗ್ರಿ ನೋಡಿ, ಹಾಲಿನ ಬಿಸಿಗೆ ತಕ್ಕಂತೆ ತಿದ್ದಿ, ಎಸ್‌ಎನ್‌ಎಫ್ ಲೆಕ್ಕ ಹಾಕಬೇಕು. ಎಸ್‌ಎನ್‌ಎಫ್ ಎಂದರೆ ಹಾಲಿನಲ್ಲಿ ಕೊಬ್ಬು, ನೀರು ಬಿಟ್ಟು ಉಳಿಯುವ ಸತ್ವ. ಬಟವಾಡೆ ಹತ್ತಿರ ಬಂದರೆ ನಾನು ರಾತ್ರಿಯೆಲ್ಲ ಕೂಡುವುದು, ಕಳೆಯುವುದು.

ಆಮೇಲೆ ಅಲ್ಟ್ರಾಸಾನಿಕ್ ಯಂತ್ರ ಬಂತು. ಹಾಲಿನೊಳಗೆ ಧ್ವನಿತರಂಗ ಸಾಗುವ ವೇಗದಿಂದ ಕೊಬ್ಬು, ಎಸ್‌ಎನ್‌ಎಫ್ ಎರಡನ್ನೂ ಒಂದು ನಿಮಿಷದ ಆಸುಪಾಸಿನಲ್ಲಿ ಹೇಳುತ್ತದೆ. ಎಲೆಕ್ಟ್ರಾನಿಕ್ ತಕ್ಕಡಿಯೂ ಅದೂ ಕಂಪ್ಯೂಟರಿಗೆ ಸೇರಿಕೊಂಡವು, ಚೀಟಿ ತಾನಾಗಿ ಮುದ್ರಣವಾಗತೊಡಗಿತು. ಅಂಕಿ ಹಾಲು ಹಾಕುವವರ ಕಣ್ಣೆದುರಿಗೇ ಕಾಣುವುದರಿಂದ, ದೊಡ್ಡವರ ಹಾಲಿಗೆ ಮಾತ್ರ ಕೊಬ್ಬು ಜಾಸ್ತಿ ಬರೆಯುತ್ತಾರೆ ಎಂಬ ಗೊಣಗಾಟ ನಿಂತಿತು. ಸರ್ಕಾರ 2008ರಲ್ಲಿ ಲೀಟರಿಗೆ 2 ರೂಪಾಯಿಯಿಂದ ಶುರು ಮಾಡಿದ, ಆಮೇಲೆ 5 ರೂಪಾಯಿಗೆ ಏರಿಸಿದ ಪ್ರೋತ್ಸಾಹಧನ ನೇರ ಬ್ಯಾಂಕ್ ಖಾತೆಗೆ ಬೀಳುತ್ತದೆ. ಹಳೆಯ ಲೆಡ್ಜರಿಗೆ ಮರಳಲು ಯಾರು ಎಷ್ಟು ಕೊಟ್ಟರೂ ನಾನು ಒಪ್ಪುವುದಿಲ್ಲ.

ಯಂತ್ರ ಬಂದ ದಿನ ಯಾರ ಕೆಲಸವೂ ಹೋಗಲಿಲ್ಲ. ಪರೀಕ್ಷಕರು ಅದರ ಪಕ್ಕದಲ್ಲೇ ಕುಳಿತು, ಆಮ್ಲದ ಕಾಟ ತಪ್ಪಿತೆಂದು ಖುಷಿಯಾಗಿಯೇ ಇದ್ದರು. ಅವರು ನಿವೃತ್ತರಾದಾಗ ಗೊತ್ತಾಯಿತು. ಸಂಘದ ನೌಕರರ ಸಂಬಳ ಸಂಘಕ್ಕೆ ಉಳಿಯುವ ಹಣದಿಂದಲೇ ಹೋಗಬೇಕು. ಆಡಳಿತ ಮಂಡಳಿಯ ಸಭೆಯಲ್ಲಿ ಒಬ್ಬರು, "ಗುಂಡಿ ಒತ್ತುವುದಕ್ಕೆ ಇನ್ನೊಬ್ಬರು ಯಾಕೆ?" ಎಂದರು. ಆ ಹುದ್ದೆ ಅಲ್ಲಿಗೆ ಮುಗಿಯಿತು. ಅದನ್ನು ಕೇಳಿಕೊಂಡು ಬಂದಿದ್ದ ನಮ್ಮೂರಿನ ಬಿಎಸ್‌ಸಿ ಓದಿದ ಹುಡುಗಿ ಈಗ ನಸುಕಿನಲ್ಲೇ ವ್ಯಾನ್ ಹತ್ತಿ ನರಸಾಪುರದ ಕಾರ್ಖಾನೆಗೆ ಹೋಗುತ್ತಾಳೆ. ಯಾರನ್ನೂ ತೆಗೆದಿಲ್ಲವಾದ್ದರಿಂದ ಇದು ಯಾವ ಲೆಕ್ಕದಲ್ಲೂ ಸೇರುವುದಿಲ್ಲ. ಇದ್ದವರ ಅನ್ನಕ್ಕೆ ಕೈ ಹಾಕದೆ, ಬರಬೇಕಾದವರ ಬಾಗಿಲನ್ನು ಸದ್ದಿಲ್ಲದೆ ಮುಚ್ಚಿತು ಎಂಬುದು ನಾನು ಕಂಡದ್ದು.

ಗುಂಡಿ ಒತ್ತುವುದಷ್ಟೇ ಆ ಕೆಲಸವಾಗಿದ್ದರೆ ನಾನೂ ಸುಮ್ಮನಿರುತ್ತಿದ್ದೆ. ಗಿಣ್ಣಿನ ವಿಷಯವನ್ನೇ ನೋಡಿ. ಕರು ಹಾಕಿದ ಮೊದಲ ದಿನಗಳ ಹಾಲಿನಲ್ಲಿ ಪ್ರೋಟೀನು ತುಂಬಾ ಇರುವುದರಿಂದ ಯಂತ್ರ ಅದಕ್ಕೆ ಎಸ್‌ಎನ್‌ಎಫ್ ಮೇಲಕ್ಕೆ ಕೊಡುತ್ತದೆ, ಎಂದರೆ ಒಳ್ಳೆಯ ದರ. ಆದರೆ ಗಿಣ್ಣು ಕಾಯಿಸಿದರೆ ಗಟ್ಟಿಯಾಗುತ್ತದೆ. ಶೀತಲೀಕರಣದ ತೊಟ್ಟಿಗೆ ಬಿದ್ದರೆ ಊರಿನವರ ಹಾಲೆಲ್ಲ ಕೆಡುತ್ತದೆ. ಯಾರ ಮನೆಯ ಹಸು ಯಾವಾಗ ಕರು ಹಾಕಿತು ಎಂಬುದು ಪರೀಕ್ಷಕರಿಗೆ ಬಾಯಿಪಾಠ. ಕ್ಯಾನಿನ ಮುಚ್ಚಳ ಮೂಸಿಯೇ, "ಇನ್ನು ಎರಡು ದಿನ ಮನೆಯಲ್ಲೇ ಗಿಣ್ಣು ಮಾಡಿಕೊಳ್ಳಮ್ಮ" ಎಂದು ವಾಪಸ್ ಕಳಿಸುತ್ತಿದ್ದರು. ಈಗ ನಾನು ಹಾಗೆಂದರೆ, "ಮೆಷಿನ್ನೇ ಒಳ್ಳೆಯ ಹಾಲು ಅನ್ನುತ್ತಿದೆ, ನೀವು ಯಾಕಣ್ಣ ಬೇಡ ಅನ್ನುತ್ತೀರಿ?" ಎಂಬ ಪ್ರಶ್ನೆ. ಉತ್ತರ ಹೇಳುವಷ್ಟರಲ್ಲಿ ಹಿಂದಿನ ಸಾಲು ಬೀದಿಗೆ ಬಂದಿರುತ್ತದೆ. ನೀರು ಬೆರೆಸಿ ಸಕ್ಕರೆ ಹಾಕಿದರೂ ಎಸ್‌ಎನ್‌ಎಫ್ ಅಂಕಿ ಏರುತ್ತದೆ. ಅದನ್ನು ಹಿಡಿಯಲು ಬೇರೆ ಪರೀಕ್ಷೆ ಮಾಡಬೇಕು, ಅದಕ್ಕಿಂತ ಮೊದಲು ಅನುಮಾನ ಬರಬೇಕು.

ಯಂತ್ರದ ಚಾಕರಿಯೂ ಇದೆ. ಆಗ ತಾನೇ ಕರೆದ ನೊರೆಹಾಲು ಹಾಕಿದರೆ ಗಾಳಿಗುಳ್ಳೆಯಿಂದ ಅಂಕಿ ತಪ್ಪುತ್ತದೆ. ಒಳಗೆ ಜಿಡ್ಡು ಕಟ್ಟದಂತೆ ತೊಳೆಯಬೇಕು, ಆಗಾಗ ತಾಳೆ ನೋಡಿ ಸರಿಪಡಿಸಬೇಕು. ಹೀಗೆ ಉಳಿದ ಕೆಲಸವೆಲ್ಲ ನನಗೂ ಸಹಾಯಕನಿಗೂ ಹಂಚಿಕೆಯಾಯಿತು, ಅದರ ಸಂಬಳ ಮಾತ್ರ ಆಗಲಿಲ್ಲ.

ಇದರಿಂದ ನಾನು ಕಲಿತದ್ದನ್ನು ಬೇರೆ ಸಂಘಗಳ ಕಾರ್ಯದರ್ಶಿಗಳಿಗೂ ಹೇಳುತ್ತೇನೆ: ಯಂತ್ರ ಬರುವ ಮೊದಲೇ ಆ ಕುರ್ಚಿಯಲ್ಲಿ ಕುಳಿತವರು ದಿನವಿಡೀ ಏನೇನು ಮಾಡುತ್ತಾರೆ ಎಂದು ಬರೆಸಿಡಿ, ಮೂಸುವುದನ್ನೂ ಸೇರಿಸಿ. ಕಾಗದದ ಮೇಲೆ ಇಲ್ಲದ ಕೆಲಸಕ್ಕೆ ಸಭೆಯಲ್ಲಿ ಯಾರೂ ಕೈ ಎತ್ತುವುದಿಲ್ಲ. ನಾನು ತಡವಾಗಿಯಾದರೂ ಪಟ್ಟಿ ಮಾಡಿ ಈ ಸಲದ ಸರ್ವ ಸದಸ್ಯರ ಸಭೆಯ ಮುಂದಿಟ್ಟೆ. ನನ್ನ ಪರವಾಗಿ ಗಟ್ಟಿಯಾಗಿ ಮಾತನಾಡಿದವರು ಹಾಲು ಹಾಕುವ ಹೆಂಗಸರು. ಗಿಣ್ಣು ಬೆರೆತರೆ ನಷ್ಟ ಯಾರಿಗೆಂದು ಅವರಿಗೆ ಗೊತ್ತು. ಅರ್ಧ ಸಂಬಳದ ಪರೀಕ್ಷಕರೊಬ್ಬರಿಗೆ ಒಪ್ಪಿಗೆ ಸಿಕ್ಕಿದೆ, ಬೆಳಗಿನ ಹೊತ್ತಿಗೆ ಮಾತ್ರ. ಸಂಜೆಯ ಕ್ಯಾನುಗಳನ್ನು ಮೂಸುವುದು ಸದ್ಯಕ್ಕೆ ಕಾರ್ಯದರ್ಶಿಯ ಪಾಲಿಗೇ.