ರಾಗಿ ಬೆಂಕಿ ರೋಗದ ಪೋಸ್ಟರ್: ಇಲ್ಲಿಯವರೆಗಿನ ಕೆಲಸ

ಎಂ.ಎಸ್ಸಿ. ಸಸ್ಯಶಾಸ್ತ್ರದ ಕೊನೆಯ ಸೆಮಿಸ್ಟರಿನ ಪ್ರಾಜೆಕ್ಟ್ ಇದು. ವಿಷಯ ರಾಗಿಯ ಬೆಂಕಿ ರೋಗ, ಅದರಲ್ಲೂ ಕುತ್ತಿಗೆ ಬೆಂಕಿ. ತೆನೆಯ ಬುಡ ಕಪ್ಪಾಗಿ, ಕಾಳು ಜೊಳ್ಳಾಗಿಬಿಡುವ ಹಂತ ಅದು. ವಿಭಾಗದ ಪ್ರದರ್ಶನ ಮುಗಿದ ಮೇಲೆ ನಾವು ಓಡಾಡಿದ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಪೋಸ್ಟರನ್ನು ತೂಗುಹಾಕುವುದು ಎಂದು ಮೊದಲೇ ಮಾತಾಗಿದೆ. ಬಿತ್ತನೆ ಬೀಜಕ್ಕೆ ಸರದಿಯಲ್ಲಿ ನಿಂತವರು ಓದಬೇಕಾದ ಪೋಸ್ಟರ್ ಆದ್ದರಿಂದ ಕನ್ನಡದಲ್ಲೇ ಮಾಡುತ್ತಿದ್ದೇನೆ. ರೋಗ ತರುವ ಶಿಲೀಂಧ್ರದ ವೈಜ್ಞಾನಿಕ ಹೆಸರು, ವಿಧಾನದ ವಿವರ ಎಲ್ಲ ಇರುತ್ತವೆ, ಆದರೆ ಅಂಚಿನಲ್ಲಿ.

ವಿನ್ಯಾಸ

ಅಳತೆ ಎ0, ಅಂದರೆ 841 × 1189 ಮಿ.ಮೀ. ಪೀಠಿಕೆ, ವಿಧಾನ, ಫಲಿತಾಂಶ, ಚರ್ಚೆ ಎಂದು ಮೂರು ಕಾಲಂ ತುಂಬುವುದು ನಮ್ಮಲ್ಲಿ ವಾಡಿಕೆ. ಅದನ್ನು ಬಿಟ್ಟಿದ್ದೇನೆ. 2019ರಲ್ಲಿ ಮೈಕ್ ಮಾರಿಸನ್ ಎಂಬ ಅಮೆರಿಕದ ಸಂಶೋಧನಾ ವಿದ್ಯಾರ್ಥಿ ಬೇರೊಂದು ಮಾದರಿ ಮುಂದಿಟ್ಟರು: ನಡುವೆ ಒಂದೇ ವಾಕ್ಯದಲ್ಲಿ ಮುಖ್ಯ ಫಲಿತಾಂಶ, ದೊಡ್ಡ ಅಕ್ಷರದಲ್ಲಿ, ಉಳಿದದ್ದೆಲ್ಲ ಪಕ್ಕದ ಪಟ್ಟಿಗಳಲ್ಲಿ, ಪೂರ್ತಿ ಪ್ರಬಂಧ ಬೇಕಾದವರಿಗೆ ಕ್ಯೂಆರ್ ಕೋಡ್. ನನ್ನ ಕೆಲಸಕ್ಕೆ ಇದು ಸರಿಯಾಗಿ ಹೊಂದುತ್ತದೆ.

ನಡುವಿನ ವಾಕ್ಯ ಮೊದಲು ಹೀಗಿತ್ತು: “ತಡವಾಗಿ ಬಿತ್ತಿದ ಹೊಲಗಳಲ್ಲಿ ಕುತ್ತಿಗೆ ಬೆಂಕಿ ಹೆಚ್ಚು.” ನಾವು ನೋಡಿದ ಹೊಲಗಳ ಮಟ್ಟಿಗೆ ಇದು ನಿಜ. ಗೈಡ್ ಮೇಡಂ ಓದಿ ಒಂದೇ ಪ್ರಶ್ನೆ ಕೇಳಿದರು: “ಮಳೆಯೇ ತಡವಾಗಿ ಬಂದರೆ ಅವರೇನಮ್ಮ ಮಾಡಬೇಕು?” ಪೋಸ್ಟರಿನ ದಿಕ್ಕು ಬದಲಾಗಿದ್ದು ಅಲ್ಲಿ. ಮಳೆಯಾಶ್ರಿತ ಹೊಲದಲ್ಲಿ ಬಿತ್ತನೆಯ ದಿನ ರೈತರ ಕೈಯಲ್ಲಿಲ್ಲ. ತಳಿಯ ಆಯ್ಕೆ, ಬೀಜೋಪಚಾರ (ಬಿತ್ತುವ ಮೊದಲು ಬೀಜಕ್ಕೆ ಔಷಧಿ ಲೇಪಿಸುವುದು), ಯೂರಿಯಾದ ಅಳತೆ ಅವರ ಕೈಯಲ್ಲಿವೆ. ಈಗಿನ ವಾಕ್ಯ: “ಬಿತ್ತನೆ ತಡವಾಯಿತೇ? ಬೆಂಕಿ ರೋಗ ತಡೆಯುವ ತಳಿ ಆರಿಸಿ.” ಅದರ ಕೆಳಗೆ ಅಂಥ ತಳಿಯಾದ ಜಿಪಿಯು-28ರ ಹೆಸರು, ಬೀಜೋಪಚಾರದ ಮಾತು, ಯೂರಿಯಾದಲ್ಲಿರುವ ಸಾರಜನಕ ಹೆಚ್ಚಾದರೆ ರೋಗವೂ ಹೆಚ್ಚುತ್ತದೆ ಎಂಬ ಸಾಲು. ನಮ್ಮ ಹೊಲಗಳ ಗ್ರಾಫ್ ಇದಕ್ಕೆ ಸಾಕ್ಷಿಯಾಗಿ ಪಕ್ಕದಲ್ಲಿ ನಿಲ್ಲುತ್ತದೆ.

ಅಕ್ಷರ

ಹೆಚ್ಚು ಹೊತ್ತು ಹಿಡಿದದ್ದು ಇದೇ, ಹಿಡಿಯಬೇಕಾದದ್ದೂ ಹೌದು. ಪೋಸ್ಟರ್ ವಿನ್ಯಾಸದ ಸಲಹೆಗಳೆಲ್ಲ ಇಂಗ್ಲಿಷ್ ಅಕ್ಷರವನ್ನು ಮನಸ್ಸಿನಲ್ಲಿಟ್ಟು ಬರೆದವು. ಸಾಲಿನ ಅಂತರ ಅಕ್ಷರದ ಗಾತ್ರದ 1.2 ಪಟ್ಟು ಇದ್ದರೆ ಸಾಕು ಎನ್ನುತ್ತವೆ. ಕನ್ನಡದಲ್ಲಿ ಅಷ್ಟಿಟ್ಟರೆ “ಶಾಸ್ತ್ರ”ದ ಎರಡು ಒತ್ತುಗಳು ಕೆಳಸಾಲಿನ ಗುಡಿಸಿಗೆ ತಾಗುತ್ತವೆ. 1.5ಕ್ಕೆ ಏರಿಸಿದ ಮೇಲೆ ಪುಟ ಉಸಿರಾಡತೊಡಗಿತು. ಜಾಗ ಹೆಚ್ಚು ಬೇಕಾಯಿತು, ಪೀಠಿಕೆಯಲ್ಲಿ ಅರ್ಧಕ್ಕರ್ಧ ಕಡಿದೆ. ಕಡಿದದ್ದರಿಂದ ಒಳ್ಳೆಯದೇ ಆಯಿತು.

ಶೀರ್ಷಿಕೆಗೆ ಬಾಲೂ ತಮ್ಮ ಎಂಬ ಫಾಂಟ್, ಒಳಗಿನ ಪಠ್ಯಕ್ಕೆ ನೋಟೋ ಸಾನ್ಸ್ ಕನ್ನಡ. ಎರಡೂ ಉಚಿತ, ಎರಡೂ ಯೂನಿಕೋಡ್. ಹಳೆಯ ವರದಿಗಳಿಂದ ತೆಗೆದುಕೊಂಡ ಭಾಗ ನುಡಿ ತಂತ್ರಾಂಶದ ಯೂನಿಕೋಡ್ ಅಲ್ಲದ ಫಾಂಟಿನಲ್ಲಿತ್ತು. ಪರಿವರ್ತಕದಿಂದ ಬದಲಿಸಿ, ಅರ್ಕಾವತ್ತು ಇರುವ ಪದಗಳನ್ನೆಲ್ಲ ಒಂದೊಂದಾಗಿ ನೋಡಿದೆ. ಹೀಗೆ ಬದಲಿಸುವಾಗ ಮೊದಲು ಕೆಡುವುದು ಅವೇ. ವೈಜ್ಞಾನಿಕ ಹೆಸರನ್ನು ಓರೆ ಅಕ್ಷರದಲ್ಲಿ ಬರೆಯುವುದು ನಿಯಮ. ಕನ್ನಡ ಲಿಪಿಯನ್ನು ಓರೆ ಮಾಡಿದರೆ ಕಣ್ಣಿಗೆ ಹಿತವಿಲ್ಲ, ಹಾಗಾಗಿ ಆ ಹೆಸರನ್ನು ಮಾತ್ರ ಲ್ಯಾಟಿನ್ ಲಿಪಿಯಲ್ಲೇ ಉಳಿಸಿದ್ದೇನೆ.

ಗಾತ್ರ ನೋಡಲು ಒಂದು ಸುಲಭ ದಾರಿ ಸಿಕ್ಕಿದೆ. ಎ0 ಪುಟದ ಉದ್ದ ಅಗಲ ಎರಡೂ ಎ4ರ ನಾಲ್ಕು ಪಟ್ಟು. ಇಡೀ ಪೋಸ್ಟರನ್ನು ಒಂದು ಎ4 ಹಾಳೆಗೆ ಇಳಿಸಿ ಮುದ್ರಿಸಿ, 40 ಸೆಂ.ಮೀ. ದೂರದಲ್ಲಿ ಹಿಡಿದರೆ ಅದು ಗೋಡೆಯ ಪೋಸ್ಟರನ್ನು 1.6 ಮೀಟರಿನಿಂದ ನೋಡಿದ್ದಕ್ಕೆ ಸಮ. 24 ಪಾಯಿಂಟಿನ ಪಠ್ಯ ಎ4ರಲ್ಲಿ 6 ಪಾಯಿಂಟ್ ಆಗುತ್ತದೆ, ಒತ್ತಕ್ಷರ ಮಸುಕಾಗುತ್ತದೆ. 32ಕ್ಕೆ ಏರಿಸಿದೆ.

ಚಿತ್ರ, ಬಣ್ಣ

ರೋಗದ ಫೋಟೋಗಳೇ ಈ ಪೋಸ್ಟರಿನ ಜೀವ. ಎಲೆಯ ಮೇಲಿನ ನೂಲುವ ಕದಿರಿನಾಕಾರದ ಚುಕ್ಕೆ, ಅದರ ಬೂದು ನಡುಭಾಗ, ಕಪ್ಪಾದ ಕುತ್ತಿಗೆ ಇವು ಸ್ಪಷ್ಟವಾಗಿ ಕಂಡರೆ ರೈತರು ತಮ್ಮ ಹೊಲದಲ್ಲೂ ಗುರುತಿಸುತ್ತಾರೆ. 4000 × 3000 ಪಿಕ್ಸೆಲಿನ ಫೋನ್ ಫೋಟೋ 150 ಡಿಪಿಐನಲ್ಲಿ (ಇಂಚಿಗೆ 150 ಚುಕ್ಕೆ) ಸುಮಾರು 68 × 51 ಸೆಂ.ಮೀ. ವರೆಗೆ ಹಿಗ್ಗುತ್ತದೆ, ನನಗೆ ಧಾರಾಳ. ಗೆಳತಿಯರು ತೆಗೆದ ಫೋಟೋಗಳನ್ನು ವಾಟ್ಸಾಪಿನಲ್ಲಿ ಡಾಕ್ಯುಮೆಂಟ್ ಆಗಿಯೇ ಕಳಿಸಲು ಹೇಳಿದೆ. ಫೋಟೋ ಆಗಿ ಕಳಿಸಿದರೆ ಕುಗ್ಗಿ ಬರುತ್ತದೆ.

ಗ್ರಾಫಿಗೆ ಕೆಂಪು ಹಸಿರು ಬೇಡ. ಆ ಎರಡನ್ನು ಬೇರ್ಪಡಿಸಿ ನೋಡಲಾಗದವರು ಇದ್ದೇ ಇರುತ್ತಾರೆ. ಜಪಾನಿನ ಒಕಾಬೆ ಮತ್ತು ಇಟೊ ಎಲ್ಲರ ಕಣ್ಣಿಗೂ ದಕ್ಕುವಂತೆ ಆರಿಸಿದ ಬಣ್ಣಗಳಿಂದ ನೀಲಿ, ಕಿತ್ತಳೆ ತೆಗೆದುಕೊಂಡೆ.

ಬಾಕಿ ಇರುವುದು

ಇಂಕ್‌ಸ್ಕೇಪ್ ಎಂಬ ಚಿತ್ರ ತಂತ್ರಾಂಶದಲ್ಲಿ ಅಂತಿಮ ಕಡತ ಸಿದ್ಧವಾಗಬೇಕು. ಮುದ್ರಣದ ಅಂಗಡಿಯ ಕಂಪ್ಯೂಟರಿನಲ್ಲಿ ಈ ಫಾಂಟ್‌ಗಳು ಇರುತ್ತವೆಂದು ನಂಬಿ ಕೂರುವಂತಿಲ್ಲ. ಅಕ್ಷರಗಳನ್ನೆಲ್ಲ ಪಾತ್‌ಗೆ, ಅಂದರೆ ಫಾಂಟ್ ಬೇಡದ ರೇಖಾಚಿತ್ರಕ್ಕೆ, ಬದಲಿಸಿ ಪಿಡಿಎಫ್ ಕೊಡುತ್ತೇನೆ. ಕೇಂದ್ರದ ಗೋಡೆಗೆ ಫ್ಲೆಕ್ಸ್ ಬೇಡ, ಬಟ್ಟೆಯ ಮೇಲೆ ಮುದ್ರಿಸಬಹುದೇ ಎಂದು ವಿಚಾರಿಸಬೇಕು. ಅದಕ್ಕೂ ಮೊದಲು ಎ4 ಪ್ರತಿಯನ್ನು ಹೊಲದ ಯಜಮಾನರ ಕೈಗೆ ಕೊಟ್ಟು, ಅವರು ಯಾವ ಪದದಲ್ಲಿ ತಡೆಯುತ್ತಾರೆ ಎಂದು ನೋಡಬೇಕು. “ಬೀಜೋಪಚಾರ” ಹಾಗೇ ಉಳಿಯಲೋ, “ಬೀಜಕ್ಕೆ ಔಷಧಿ ಲೇಪಿಸಿ” ಎಂದು ಬಿಡಿಸಿ ಬರೆಯಲೋ ಎಂಬುದನ್ನು ಅವರನ್ನು ಕೇಳಿಯೇ ತೀರ್ಮಾನಿಸುವುದು.