ರೊಕ್ಕ ಬರ್ತದ, ಮಾಸ್ತರು ಬರಂಗಿಲ್ಲ

ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂತಂದ್ರ ನಮ್ ಕಡಿ ಮಂದಿ ಜಿಲ್ಲಾವಾರು ಪಟ್ಟಿ ಕೆಳಗಿಂದ ಮ್ಯಾಲ ಓದ್ತಾರ್ರಿ. 2024ರಾಗ ಯಾದಗಿರಿ ಕಟ್ಟಕಡಿಗಿ, ಶೇ. 50.59. 2025ರಾಗ ನಮ್ ಕಲಬುರಗಿನೇ ಕಟ್ಟಕಡಿ, ಶೇ. 42.43, ಅದೇ ವರ್ಷ ದಕ್ಷಿಣ ಕನ್ನಡ 91.12. ಆಮ್ಯಾಲ ಎರಡು ದಿನ ಟಿವಿಯವ್ರು ಬೈತಾರ, ಸಾಹೇಬ್ರು ಮೀಟಿಂಗ್ ಕರೀತಾರ, ಹೆಡ್ ಮಾಸ್ತರಿಗಿ ನೋಟಿಸ್ ಹೋಗ್ತದ, ವಾಟ್ಸಾಪ್ ಗ್ರೂಪಿನ್ಯಾಗ ಯಾರರೆ ಒಬ್ಬ "ನಮ್ ಹುಡುಗ್ರಿಗಿ ತಲಿನೇ ಇಲ್ಲ ಬಿಡ್ರಿ" ಅಂತ ಹಾಕ್ತಾನ, ಅಲ್ಲಿಗಿ ಖತಂ.

ತಲಿ ಇಲ್ಲ ಅಂತಾರಲ್ಲ, ಅದಕ್ಕ ನಂಗ ಸಿಟ್ಟು ಬರ್ತದ. 2023ರಾಗ ಇದೇ ಯಾದಗಿರಿ 75.49 ತಗೊಂಡಿತ್ತು (ಆಗೂ ಕಡಿ ನಂಬರೇ, ಅದು ಬ್ಯಾರೆ ಮಾತು). ಮರುವರ್ಷ ಒಮ್ಮಿಲೇ 25 ಪರ್ಸೆಂಟ್ ಬಿತ್ತು, ಅದೂ ಗ್ರೇಸ್ ಮಾರ್ಕ್ಸ್ 20 ಪರ್ಸೆಂಟಿಗಿ ಏರಿಸಿ ಕೊಟ್ಟ ಮ್ಯಾಲ. ಒಂದು ವರ್ಷದಾಗ ಹುಡುಗ್ರ ತಲಿ ಎಲ್ಲಿಗಿ ಹೋಯ್ತು? ಪರೀಕ್ಷಾ ಕೋಣಿಗಿ ಕ್ಯಾಮೆರಾ ಬಂತು ಅಷ್ಟೇ, ವೆಬ್‌ಕಾಸ್ಟಿಂಗ್ ಶುರು ಆಯ್ತು, ಚೀಟಿ ಒಗಿಯೋರು ಮನಿ ಹಿಡಿದ್ರು. ನಮ್ ಕಡಿ ಅಷ್ಟೇ ಕಾಪಿ ನಡೀತಿತ್ತು ಅಂತ ತಿಳ್ಕೋಬ್ಯಾಡ್ರಿ, ಇಡೀ ರಾಜ್ಯದ್ದೇ 83.89 ಇದ್ದದ್ದು 73.40ಕ್ಕ ಇಳೀತು. ನನ್ ಕೇಳಿದ್ರ ಸಾಲಿ ಮ್ಯಾಲ ಮಾಡಿದ ಖರ್ಚಿನ್ಯಾಗ ಆ ಕ್ಯಾಮೆರಾದ ರೊಕ್ಕನೇ ಭಾಳ ಛಲೋ ಉಪಯೋಗ ಆಗ್ಯಾದ, ಖರೇ ಪರಿಸ್ಥಿತಿ ಏನದ ಅಂತ ಗೊತ್ತರೆ ಆಯ್ತು.

ಇನ್ನ ರೊಕ್ಕದ ವಿಷಯ. ಹಿಂದುಳಿದ ಭಾಗ ಅಂತ ನಮಗ ಸಂವಿಧಾನದಾಗ ವಿಶೇಷ ಸ್ಥಾನಮಾನದ ಕಲಂ 371ಜೆ ಬಂದು ಹತ್ತು ವರ್ಷದ ಮ್ಯಾಲಾಯ್ತು, ಕಲ್ಯಾಣ ಕರ್ನಾಟಕ ಮಂಡಳಿಗಿ ಈಗ ಬಜೆಟ್ಟಿನ್ಯಾಗ ವರ್ಷಾ 5,000 ಕೋಟಿ ಹೇಳ್ತಾರ, ಶಿಕ್ಷಣಕ್ಕ ಅಂತನೇ ಅಕ್ಷರ ಆವಿಷ್ಕಾರ ಅಂತ ಕಾರ್ಯಕ್ರಮ ಮಾಡ್ಯಾರ. ರೊಕ್ಕ ಇಲ್ಲ ಅಂತ ಯಾರೂ ಅನ್ನಂಗಿಲ್ಲ. ಆದ್ರ ಕಟ್ಟಡ ಅಂದ್ರ ಟೆಂಡರ್ ಆಗ್ತದ, ಗುತ್ತೇದಾರ ಬರ್ತಾನ, ಭೂಮಿಪೂಜೆ, ಉದ್ಘಾಟನೆ, ಕಲ್ಲಿನ ಮ್ಯಾಲ ಎಲ್ಲಾರ ಹೆಸರು. ಗಣಿತದ ಮಾಸ್ತರು ಜೂನ್ ಒಂದನೇ ವಾರದಾಗೇ ಬಂದ್ರು ಅಂದ್ರ ಅದಕ್ಕ ರಿಬ್ಬನ್ ಯಾರು ಕಟ್ ಮಾಡ್ತಾರ?

ನಮ್ಮೂರ ಸಾಲಿ ನೋಡ್ರಿ, ಜೇವರ್ಗಿ ಕಡಿ ಒಂದು ಸಣ್ಣ ಊರು. ಹೊಸಾ ಕೋಣಿ ಅವ, ಗ್ವಾಡಿಗಿ ದೊಡ್ಡ ಟಿವಿ ಅದ, ಸ್ಮಾರ್ಟ್ ಕ್ಲಾಸ್ ಅಂತ, ಅದರ ಮ್ಯಾಲಿನ ಪ್ಲಾಸ್ಟಿಕ್ ಹಾಳಿ ಇನ್ನೂ ಪೂರ್ತಿ ಸುಲಿದಿಲ್ಲ. ಒಂಬತ್ತನೇತ್ತೆ ಓದೋ ನಮ್ಮ ಅಕ್ಕನ ಮಗನಿಗಿ ಒಂದಿನ ಮುಕ್ಕಾಲು ಕೆ.ಜಿ. ಬ್ಯಾಳಿಗಿ ಅರ್ಧ ಕೆ.ಜಿ. ಸೇರಿಸಿದ್ರ ಎಷ್ಟೋ ಅಂದೆ, ನಾ ಬಾಯಿ ಮುಚ್ಚೂದ್ರಾಗ "ಸವ್ವಾ ಕೆ.ಜಿ. ಮಾಮಾ" ಅಂದ. ಅದನ್ನೇ 3/4 + 1/2 ಅಂತ ಹಾಳಿ ಮ್ಯಾಲ ಬರ್ಕೊಟ್ರ ಮ್ಯಾಲಿಂದು ಮ್ಯಾಲಿಂದಕ್ಕ ಕೂಡಿಸ್ದ, ಕೆಳಗಿಂದು ಕೆಳಗಿಂದಕ್ಕ ಕೂಡಿಸ್ದ, 4/6 ಅಂತ ಬರ್ದು ಕೊಟ್ಟ. ತಲಿ ಇಲ್ಲೇನ್ರಿ ಇದಕ್ಕ? ಐದನೇತ್ತ್ಯಾಗ ಕಲೀಬೇಕಾದ್ದು ಅದು, ಆ ವರ್ಷ ಅವರ ಸಾಲ್ಯಾಗ ಇಬ್ಬರು ಮಾಸ್ತರು ಐದು ಕ್ಲಾಸ್ ನೋಡ್ಕೋತಿದ್ರು, ಒಬ್ರು ಮೀಟಿಂಗ್, ಸರ್ವೇ, ಆನ್‌ಲೈನ್ ಎಂಟ್ರಿ ಅಂತ ತಾಲೂಕಿಗಿ ಹೋದ್ರಂದ್ರ ಎಲ್ಲಾ ಹುಡುಗ್ರೂ ಒಂದೇ ಕೋಣ್ಯಾಗ. ಮುಂದ ಹತ್ತನೇತ್ತೆಗಿ ಬಂದ್ಮ್ಯಾಲ ಸ್ಪೆಷಲ್ ಕ್ಲಾಸ್ ಇಟ್ಟು ಪಾಸಿಂಗ್ ಪ್ಯಾಕೇಜ್ ಬಾಯಿಪಾಠ ಮಾಡಿಸಿದ್ರ ಏನಾಗ್ತದ.

ಕಾಯಂ ಮಾಸ್ತರು ಇಲ್ಲದಲ್ಲಿ ಅತಿಥಿ ಶಿಕ್ಷಕರು. ಸಾಲಿ ಶುರು ಆಗಿ ಎಷ್ಟೋ ದಿನ ಆದ್ಮ್ಯಾಲ ಬರ್ತಾರ, ಮಾರ್ಚ್ ಮುಗೀತಂದ್ರ ಇಲ್ಲ. ಪ್ರೈಮರಿಗಿ ತಿಂಗಳಾ 10,000 ಇತ್ತು, 2025ರ ಬಜೆಟ್ಟಿನ್ಯಾಗ 2,000 ಏರಿಸಿದ್ರು. ಉದ್ಯೋಗ ಖಾತ್ರಿ ಕೂಲಿ ಅದೇ ವರ್ಷ ದಿನಕ್ಕ 370, 26 ದಿನ ಹೋದ್ರ 9,620. ಅಂದ್ರ ಬಿ.ಎಡ್. ಓದಿದ ಹುಡುಗಿಗೂ ಕೆರಿ ಹೂಳು ಎತ್ತೋ ಮನಷ್ಯಾಗೂ ಎರಡೂವರೆ ಸಾವಿರನೂ ಫರಕ್ ಇಲ್ಲ, ಬಸ್ ಚಾರ್ಜು ಮೊದ್ಲೇ ಫ್ರೀ ಆಯ್ತಂತ ಪುಣ್ಯ. ಆ ರೊಕ್ಕನೂ ತಿಂಗಳಾ ತಿಂಗಳಾ ಬರಂಗಿಲ್ಲ.

ಸಾಲಿ ಕೈಗಿ ನೇರ ಬರೂದು ಸಮಗ್ರ ಶಿಕ್ಷಣದ ಶಾಲಾ ಅನುದಾನ, 31ರಿಂದ 100 ಹುಡುಗ್ರಿದ್ರ ವರ್ಷಕ್ಕ 25,000. ಅದ್ರಾಗ ಹತ್ತು ಪರ್ಸೆಂಟ್ ಸ್ವಚ್ಛತಾಕ್ಕ ತೆಗದ್ರ ಉಳೀತು 22,500. ತಿಂಗಳಿಗಿ ಎರಡು ಸಾವಿರನೂ ಇಲ್ಲ, ಅದ್ರಾಗೇ ಸೀಮೆಸುಣ್ಣ, ರಿಜಿಸ್ಟರ್, ನಲ್ಲಿ ರಿಪೇರಿ, ಆಗಸ್ಟ್ ಹದಿನೈದರ ಖರ್ಚ್. ಕೋಟಿ ಲೆಕ್ಕ ಊರಿಗಿ ಬರೂದ್ರಾಗ ಹಿಂಗ ಆಗಿರ್ತದ.

ರೊಕ್ಕ ಹಾಕಿದ್ರ ಉಪಯೋಗನೇ ಇಲ್ಲ ಅಂತಲ್ಲ ಮತ್ತ. ರಾಜ್ಯದಾಗ ಬಿಸಿ ಊಟ 2002ರಾಗ ಮೊದ್ಲು ಶುರು ಆಗಿದ್ದೇ ನಮ್ ಕಡಿ ಜಿಲ್ಲಾದಾಗ, ತತ್ತಿನೂ ಮೊದ್ಲು ಇಲ್ಲೇ ಬಂತು, ತತ್ತಿ ದಿನ ಹಾಜರಿ ಹೆಂಗಿರ್ತದ ಅಂತ ಅಡಿಗಿ ಮಾಡೋ ಅಕ್ಕಗ ಕೇಳ್ರಿ. ಹುಡುಗ್ರಿಗಿ ನೇರ ಮುಟ್ಟಿದ್ದು ಮುಟ್ಟೇ ಮುಟ್ಟ್ಯಾದ.

ಗುಳೇ ಹೋಗೋದೊಂದು ಬ್ಯಾರೆ ತ್ರಾಸು. ದೀಪಾವಳಿ ಆದ್ಮ್ಯಾಲ ಹತ್ತಿ ಬಿಡಿಸೂದು, ಆಮ್ಯಾಲ ತೊಗರಿ ರಾಶಿ, ಅದಾದ್ಮ್ಯಾಲ ಅರ್ಧಾ ಓಣಿ ಬೆಂಗಳೂರು, ಪುಣೆ, ಮುಂಬೈ. ಸಣ್ಣ ತಮ್ಮಗ ನೋಡ್ಕೊಳ್ಳಾಕ ಏಳನೇತ್ತೆ ಹುಡುಗಿನೂ ಸಂಗಾಟ ಹೋಗ್ತಾಳ. ಅಂಥಾ ಹುಡುಗ್ರಿಗಿ ಊರಾಗೇ ಇರಾಕ ಹಾಸ್ಟೆಲ್ ಬೇಕು, ಇದ್ದ ಹಾಸ್ಟೆಲ್ಲಿನ್ಯಾಗ ಸೀಟು ಸಾಲಂಗಿಲ್ಲ, ಅದರ ಬಗ್ಗೆ ಇನ್ನೊಮ್ಮಿ ಬರೀತೀನಿ, ಭಾಳದ ಹೇಳೂದು.

ಈ ಸಲ ಎಸ್‌ಡಿಎಂಸಿ (ಸಾಲಿ ಉಸ್ತುವಾರಿ ಸಮಿತಿ) ಮೀಟಿಂಗಿಗಿ ನಮ್ಮ ಓಣಿ ನಾಕೈದು ಮಂದಿ ಕೂಡೇ ಹೊಂಟೀವಿ. ಕಾಂಪೌಂಡಿಗಿ ಬಣ್ಣ ಹಚ್ಚೂ ಠರಾವು ಬರ್ಲಿ, ಸಹಿ ಹಾಕ್ತೀವಿ, ಅದಕ್ಕೂ ಮೊದ್ಲು ನಾಕನೇತ್ತೆ, ಐದನೇತ್ತೆಗಿ ಗಣಿತ ಯಾರು ಹೇಳ್ಕೊಡ್ತಾರ, ಯಾವ ತಾರೀಖಿಂದ ಅಂತ ರಿಜಿಸ್ಟರಿನ್ಯಾಗ ಬರೀರಿ ಅಂತ ಕೇಳೋರಿದ್ದೀವಿ.